ಮೂಡಲ ಬಾಗಿಲಿನ ಬಂಡೆ

ಗೋಡೆಯ ಲೆಕ್ಕದಲ್ಲಿ ಅಳೆದರೆ ಮುಳಬಾಗಿಲಿನ ಕೋಟೆ ಸೋಲುತ್ತದೆ. ಘಟ್ಟ ಇಳಿದು ಪಲಮನೇರು, ಚಿತ್ತೂರು ದಾಟಿ ಹೋದರೆ ವೆಲ್ಲೂರಿನ ಕೋಟೆ ಸಿಗುತ್ತದೆ. ವಿಜಯನಗರದ ಕಾಲದ್ದು, ಸಾಲು ತಪ್ಪದ ಕಲ್ಲುಗೋಡೆ, ಸುತ್ತ ನೀರು ನಿಂತ ಅಗಲವಾದ ಕಂದಕ. ಅದನ್ನು ಕಂಡ ಕಣ್ಣಿಗೆ ಮುಳಬಾಗಿಲಿನ ಬೆಟ್ಟ ಬರೀ ಬಂಡೆಗಳ ರಾಶಿ. ಹತ್ತಿರ ಹೋಗಬೇಕು. ಎರಡು ಬಂಡೆಗಳ ಸಂದಿನಲ್ಲಿ ಪೇರಿಸಿದ ಕಲ್ಲು ಬಂಡೆಯ ಮೈಗೆ ಬಂದು ಕೂಡುವಲ್ಲಿ ಕೈಯಿಟ್ಟು ನೋಡಿದರೆ, ಕಟ್ಟಿದವನ ಜಾಣತನ ಬೆರಳಿಗೇ ತಿಳಿಯುತ್ತದೆ. ಬೆಟ್ಟ ಬಿಟ್ಟ ಜಾಗವನ್ನಷ್ಟೇ ಆತ ತುಂಬಿದ್ದಾನೆ. ಈ ಮಿತವ್ಯಯ ನನಗೆ ವೆಲ್ಲೂರಿನ ಅಚ್ಚುಕಟ್ಟಿಗಿಂತ ಹೆಚ್ಚು ಇಷ್ಟ.

ಹೆಸರೇ ಹೇಳುವಂತೆ ಇದು ಮೂಡಲ ಬಾಗಿಲು, ಬಯಲುಸೀಮೆಯಿಂದ ತಮಿಳುನಾಡಿಗೆ ಇಳಿಯುವ ದಾರಿಯ ಕಾವಲು. ಹೊಯ್ಸಳ ವಿಷ್ಣುವರ್ಧನನ ಶಾಸನಗಳಲ್ಲಿ ರಾಜ್ಯದ ಮೂಡಣ ಗಡಿ ಇಲ್ಲೇ ಪಕ್ಕದ ನಂಗಲಿ. ವಿಜಯನಗರದ ಬುಕ್ಕರಾಯನ ಮಗ ಕುಮಾರ ಕಂಪಣ ಮಧುರೆಯ ಮೇಲೆ ದಂಡೆತ್ತಿ ಹೋಗುವ ಮೊದಲು ಆಳಿದ್ದು ಈ ಮುಳಬಾಗಿಲನ್ನು. ಇವತ್ತಿಗೂ ಚೆನ್ನೈ ಹೆದ್ದಾರಿ ಹಿಡಿದಿರುವುದು ಅದೇ ದಿಕ್ಕನ್ನು.

ಆದರೂ ಈ ಕೋಟೆಗೆ ಒಂದು ದೊಡ್ಡ ಕೊರತೆ ಇದೆ; 1768ರ ಅಕ್ಟೋಬರ್ ಅದನ್ನು ಬಯಲು ಮಾಡಿತು. ಇಂಗ್ಲಿಷರೊಂದಿಗಿನ ಯುದ್ಧದ ನಡುವೆ ಕೋಟೆ ಹೈದರಾಲಿಯ ಕೈಗೆ ಮರಳಿತ್ತು. ಅವನು ಹುಟ್ಟಿದ ಬೂದಿಕೋಟೆ ಇದೇ ಜಿಲ್ಲೆಯಲ್ಲಿದೆ, ಈ ನೆಲ ಅವನಿಗೆ ಹೊಸದಲ್ಲ. ಕರ್ನಲ್ ವುಡ್‌ನ ಇಂಗ್ಲಿಷ್ ಪಡೆ ಕೆಳಕೋಟೆಯನ್ನು ಹಿಡಿಯಿತು, ಏಣಿ ಹಾಕಿಯೂ ಮೇಲಿನ ಬಂಡೆಯನ್ನು ಹತ್ತಲಾಗಲಿಲ್ಲ. ಮೇಲಿದ್ದವರು ಉಳಿದರು, ಕೆಳಗಿನದನ್ನು ಉಳಿಸಲಾಗಲಿಲ್ಲ. ಮರುದಿನ ಹೈದರ್ ದೊಡ್ಡ ಸೈನ್ಯದೊಂದಿಗೆ ಬಂದೆರಗಿದಾಗ ಕಾಳಗ ನಡೆದದ್ದು ಬಂಡೆಗಳ ನಡುವೆ, ಮರೆಯಿಂದ ಮರೆಗೆ. ವುಡ್ ಸೋಲುವ ಹೊತ್ತಿಗೆ ಕ್ಯಾಪ್ಟನ್ ಬ್ರೂಕ್ ಸಣ್ಣ ತುಕಡಿಯೊಂದಿಗೆ ಒಂದು ಬಂಡೆ ಏರಿ, ಇಂಗ್ಲಿಷರ ಇನ್ನೊಬ್ಬ ಸೇನಾನಿ ಕರ್ನಲ್ ಸ್ಮಿತ್ ನೆರವಿಗೆ ಬಂದನೆಂದು ಜಯಕಾರ ಕೂಗಿಸಿದ. ಸ್ಮಿತ್ ಬಂದಿರಲಿಲ್ಲ. ಕೂಗು ನಂಬಿದ ಹೈದರನ ಪಡೆ ಹಿಂದೆಗೆಯಿತು, ವುಡ್ ಬದುಕಿಕೊಂಡ.

ಇಂಗ್ಲಿಷರ ಬರಹಗಳು ಬ್ರೂಕ್‌ನ ಸಮಯಸ್ಫೂರ್ತಿಯನ್ನು ಹೊಗಳುತ್ತವೆ. ಅರ್ಧ ಪಾಲನ್ನು ನಾನು ಬಂಡೆಗಳಿಗೆ ಕೊಡುತ್ತೇನೆ. ಕಂದಕದ ಕೆಲಸ ಶತ್ರುವನ್ನು ಮುಳುಗಿಸುವುದಷ್ಟೇ ಅಲ್ಲ. ಗೋಡೆಯ ಮುಂದೆ ಮರೆಯಿಲ್ಲದ ಬಯಲನ್ನು ಉಳಿಸುವುದೂ ಹೌದು. ವೆಲ್ಲೂರಿನ ನೀರಿನ ಆಚೆ ನಿಂತವನು ಸುಳ್ಳು ಸೈನ್ಯವನ್ನು ಹುಟ್ಟಿಸಲಾರ. ಮುಳಬಾಗಿಲಲ್ಲಿ ಕಾಯುವವನಿಗೆ ಆಸರೆಯಾದ ಬಂಡೆಯೇ ಬಂದವನಿಗೂ ಆಸರೆ. ಬೆಟ್ಟದ ಮೇಲೆ ನಿಂತರೆ ನಂಗಲಿಯ ಕಡೆಯ ದಾರಿ ಬಿಸಿಲಲ್ಲಿ ದೂರದವರೆಗೂ ಕಾಣುತ್ತದೆ. ಪಕ್ಕದ ಬಂಡೆಯ ಬೆನ್ನು ಮಾತ್ರ ಕಾಣುವುದಿಲ್ಲ.