ಭ್ರಮರಿ: ಎಣಿಕೆ ಮತ್ತು ನಿಲುಗಡೆ

ನೃತ್ಯದ ಅಂಗಗಳಲ್ಲಿ ಪ್ರೇಕ್ಷಕರ ಕರತಾಡನವನ್ನು ಬಹುಬೇಗ ಗಳಿಸುವುದು ಭ್ರಮರಿ, ಅಂದರೆ ನರ್ತಕನು ತನ್ನ ಸುತ್ತ ತಾನೇ ತಿರುಗುವ ಚಲನೆ. ನಂದಿಕೇಶ್ವರನ 'ಅಭಿನಯದರ್ಪಣ'ವು ಇದರಲ್ಲಿ ಏಳು ಬಗೆಗಳನ್ನು ಹೇಳುತ್ತದೆ. ಒಂದೇ ಕಾಲಿನ ಮೇಲೆ ತಿರುಗುವ ಏಕಪಾದ ಭ್ರಮರಿ ಅವುಗಳಲ್ಲೊಂದು. ಪಾಶ್ಚಾತ್ಯರ ಬ್ಯಾಲೆಯಲ್ಲಿ ಇದಕ್ಕೆ ಸಮೀಪವಾದುದು 'ಪಿರುಯೆತ್'. ತೆಂಕುತಿಟ್ಟಿನ ಧೀಂಗಿಣವನ್ನು ನೋಡುತ್ತ ಬೆಳೆದ ನಮ್ಮ ಗಡಿನಾಡಿನ ಕಣ್ಣಿಗೆ ಇದರ ಸೊಗಸು ಹೊಸದಲ್ಲ. ಇದರ ಅಪಾಯವೂ ಹೊಸದಲ್ಲ. ವೇಷಧಾರಿಯು ಎಷ್ಟು ಸುತ್ತು ಹಾಕಿದನೆಂದು ಎಣಿಸತೊಡಗಿದ ಪ್ರೇಕ್ಷಕನು ಆ ವೇಷ ಯಾರದು, ಸಂದರ್ಭ ಯಾವುದು ಎಂಬುದನ್ನು ಮರೆತುಬಿಡುತ್ತಾನೆ. ಬ್ಯಾಲೆಯಲ್ಲಿಯೂ ಅದರ ನೆರೆಯ ಜಾಝ್ ನೃತ್ಯದಲ್ಲಿಯೂ ಇದೇ ಪ್ರಶ್ನೆ ತಲೆದೋರುತ್ತದೆ. ಭ್ರಮರಿಯನ್ನು ಸುಧಾರಿಸುವುದೆಂದರೆ ಸುತ್ತುಗಳ ಸಂಖ್ಯೆಯನ್ನು ಹೆಚ್ಚಿಸುವುದೇ? ಅಲ್ಲವೆಂಬುದೇ ಈ ಲೇಖನದ ಪಕ್ಷ.

ಬ್ಯಾಲೆಯಲ್ಲಿ ಎಣಿಕೆಯ ಮೋಹಕ್ಕೆ ಒಂದು ಪ್ರಸಿದ್ಧವಾದ ಚರಿತ್ರೆಯಿದೆ. ಇಟಲಿಯ ನರ್ತಕಿ ಪಿಯೆರಿನಾ ಲೆನ್ಯಾನಿ 1893ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ರಂಗದ ಮೇಲೆ 'ಸಿಂಡರೆಲಾ' ಬ್ಯಾಲೆಯಲ್ಲಿ ಎಡೆಬಿಡದೆ 32 'ಫುಯೆತೆ'ಗಳನ್ನು ಮಾಡಿ ನೋಡುಗರನ್ನು ಬೆರಗುಗೊಳಿಸಿದಳು. 1895ರಲ್ಲಿ ಪೆತಿಪಾ ಮತ್ತು ಇವಾನೋವ್ ಹೊಸದಾಗಿ ಸಂಯೋಜಿಸಿದ 'ಸ್ವಾನ್ ಲೇಕ್' ಬ್ಯಾಲೆಯಲ್ಲಿ ಅದನ್ನೇ ಮತ್ತೆ ಮಾಡಿದಳು. ಅಲ್ಲಿಂದ ಮುಂದೆ 32 ಎಂಬ ಸಂಖ್ಯೆಯು ನರ್ತಕಿಯರ ಪಾಲಿಗೆ ಒಂದು ಪರೀಕ್ಷೆಯಾಗಿ ನಿಂತಿತು.

ಇದು ಬರಿಯ ದೊಂಬರಾಟವೆಂದು ತಳ್ಳಿಹಾಕುವವರಿದ್ದಾರೆ. ಆ ಮಾತನ್ನು ಪೂರ್ಣವಾಗಿ ಒಪ್ಪುವುದು ಕಷ್ಟ. ಈ ಸುತ್ತುಗಳು ಬರುವುದು ಅರಮನೆಯ ಸಭಾಂಗಣದ ದೃಶ್ಯದಲ್ಲಿ. ಅಲ್ಲಿ ತಿರುಗುವವಳು ಹಂಸಕನ್ಯೆ ಒಡೆಟ್ ಅಲ್ಲ. ಅವಳ ರೂಪವನ್ನು ತಾಳಿ ಬಂದ, ಮಾಂತ್ರಿಕನ ಮಗಳಾದ ಒಡೀಲ್. ರಾಜಕುಮಾರನ ವಿವೇಕವನ್ನು ಕವಿಯುವುದೇ ಅವಳ ಉದ್ದೇಶ. ಆದ್ದರಿಂದ ಕಣ್ಣು ಕೋರೈಸುವ ಈ ವೇಗಕ್ಕೆ ಕಥೆಯಲ್ಲಿ ಔಚಿತ್ಯವಿದೆ. ಪ್ರೇಕ್ಷಕರು ಮೋಹಗೊಳ್ಳುವುದೂ ರಾಜಕುಮಾರನು ಮೋಸಹೋಗುವುದೂ ಏಕಕಾಲದಲ್ಲಿ ನಡೆಯುತ್ತವೆ. ಇದೇ ಭಾಗವನ್ನು ಕಥೆಯಿಂದ ಬೇರ್ಪಡಿಸಿ ಬಿಡಿ ಪ್ರದರ್ಶನವಾಗಿ ತೋರಿಸಿದಾಗ ಉಳಿಯುವುದು ಸಂಖ್ಯೆ ಮಾತ್ರ. ಸೋವಿಯತ್ ರಷ್ಯದ ಮಹಾನರ್ತಕಿ ಮಾಯಾ ಪ್ಲಿಸೆತ್ಸ್ಕಾಯಾ ಈ ಸ್ಥಳದಲ್ಲಿ ಫುಯೆತೆಗಳನ್ನು ಬಿಟ್ಟು, ರಂಗವನ್ನು ಬಳಸಿ ವೃತ್ತಾಕಾರವಾಗಿ ಸಾಗುವ ಭ್ರಮರಿಗಳನ್ನು ಆಡುತ್ತಿದ್ದಳು. ಒಡೀಲಳ ಪಾತ್ರದಲ್ಲಿ ಅವಳ ಕೀರ್ತಿಗೆ ಇದರಿಂದ ಯಾವ ಕುಂದೂ ಬರಲಿಲ್ಲ.

ಹಾಗಾದರೆ ಸುಧಾರಣೆ ಎಲ್ಲಿಂದ ಆರಂಭವಾಗಬೇಕು? ಭೌತಶಾಸ್ತ್ರದ ಉತ್ತರ ಸರಳವಾದುದು. ತಿರುಗುವ ಶಕ್ತಿಯನ್ನು ಕೊಡುವುದು ನೆಲ. ಮಂಡಿಯನ್ನು ಬಾಗಿಸಿ ಪಾದಗಳಿಂದ ನೆಲವನ್ನು ಒತ್ತಿ ತಿರುಚಿದಾಗ ದೇಹಕ್ಕೆ ವೇಗ ಬರುತ್ತದೆ. ಕೈಗಳನ್ನು ಮೈಗೆ ಸಮೀಪ ತಂದಾಗ ಅದು ಹೆಚ್ಚುತ್ತದೆ. ಒಂದು ಕಾಲಿನ ಮೇಲೆ ಎದ್ದಮೇಲೆ ಹೊಸದಾಗಿ ಗಳಿಸುವುದಕ್ಕೆ ಏನೂ ಇಲ್ಲ. ಘರ್ಷಣೆಯಿಂದ ಕಳೆದುಕೊಳ್ಳುವುದು ಮಾತ್ರ ಉಂಟು. ಫುಯೆತೆಯಲ್ಲಿ ಹಾಗಲ್ಲ. ಪ್ರತಿ ಸುತ್ತಿಗೂ ಹಿಮ್ಮಡಿ ನೆಲಕ್ಕಿಳಿಯುತ್ತದೆ. ಚಾವಟಿಯಂತೆ ಬೀಸುವ ಇನ್ನೊಂದು ಕಾಲು ಭ್ರಮಣವನ್ನು ಕ್ಷಣಕಾಲ ತನ್ನಲ್ಲಿ ಹಿಡಿದಿಡುತ್ತದೆ. ಆ ಅವಕಾಶದಲ್ಲಿ ನೆಲದಿಂದ ಮತ್ತೆ ಬಲ ದೊರೆಯುತ್ತದೆ. 32 ಸುತ್ತುಗಳ ರಹಸ್ಯವು ಬಿರುಸಿನಲ್ಲಿಲ್ಲ, ಈ ಮರುಪಡೆಯುವಿಕೆಯಲ್ಲಿದೆ.

ಕಲಿಯುವವರ ದೋಷ ಸಾಮಾನ್ಯವಾಗಿ ಬಲದ ಕೊರತೆಯಲ್ಲ, ಅದರ ಅತಿರೇಕ. ಹೆಗಲನ್ನು ಹಿಂದಕ್ಕೆ ಸುತ್ತಿ ಬೀಸಿದೊಡನೆ ದೇಹದ ಅಕ್ಷ ಓರೆಯಾಗುತ್ತದೆ. ಅಕ್ಷ ಓರೆಯಾದ ಬಳಿಕ ವೇಗವು ಬೀಳುವುದನ್ನು ತ್ವರೆಗೊಳಿಸುತ್ತದೆ, ಅಷ್ಟೇ. ಆದುದರಿಂದಲೇ ಬಲ್ಲ ಗುರುಗಳು ಮೊದಲು ತಿರುಗಿಸುವುದಿಲ್ಲ, ನಿಲ್ಲಿಸುತ್ತಾರೆ. ಮುಂಗಾಲಿನ ಮೇಲೆ ಸೊಂಟ, ಸೊಂಟದ ಮೇಲೆ ಹೆಗಲು ನೇರವಾಗಿ ಬರುವವರೆಗೆ ನಿಲುವು. ಬಳಿಕ ಕಾಲು ಸುತ್ತು, ಅರೆ ಸುತ್ತು. ಕೊನೆಗೆ ಪೂರ್ಣ ಸುತ್ತು.

ದೃಷ್ಟಿಯೂ ಒಂದು ಶಿಸ್ತು. ಒಂದು ಬಿಂದುವನ್ನು ಕಣ್ಣು ಕೊನೆಗೆ ಬಿಡಬೇಕು, ಎಲ್ಲಕ್ಕಿಂತ ಮೊದಲು ಮರಳಿ ಹಿಡಿಯಬೇಕು. ಆದರೆ ತಲೆಸುತ್ತನ್ನು ಗೆಲ್ಲುವುದು ಕಣ್ಣಿನ ಕೌಶಲವೊಂದರಿಂದಲೇ ಅಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು 29 ಬ್ಯಾಲೆ ನರ್ತಕಿಯರನ್ನು 20 ಮಂದಿ ದೋಣಿಸ್ಪರ್ಧೆಯ ಮಹಿಳೆಯರೊಡನೆ ಹೋಲಿಸಿ 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕತ್ತಲೆಯಲ್ಲಿ ಕುರ್ಚಿಯ ಮೇಲೆ ತಿರುಗಿಸಿ ನಿಲ್ಲಿಸಿದಾಗಲೂ ನರ್ತಕಿಯರಿಗೆ ತಿರುಗುತ್ತಿರುವ ಭಾವನೆ ಬೇಗನೆ ಇಳಿಯಿತು. ಒಳಗಿವಿಯ ಸೂಚನೆಗಳನ್ನು ಗ್ರಹಿಸುವ ಕಿರುಮೆದುಳಿನ ಭಾಗವೊಂದು ಅವರಲ್ಲಿ ಚಿಕ್ಕದಾಗಿತ್ತು. ದೀರ್ಘಾಭ್ಯಾಸವು ಅಂಗಗಳಷ್ಟೇ ಅಲ್ಲದೆ ಮಿದುಳನ್ನೂ ತಿದ್ದುತ್ತದೆಂದು ಇದರಿಂದ ಊಹಿಸಬಹುದು.

ಜಾಝ್ ನೃತ್ಯವು ಬ್ಯಾಲೆಯಿಂದ ಬಹಳಷ್ಟನ್ನು ಪಡೆದಿದ್ದರೂ ಅದರ ನಿಲುವು ಬೇರೆ. ಬ್ಯಾಲೆಯಲ್ಲಿ ಮಂಡಿ ಪಕ್ಕಕ್ಕೆ ತೆರೆದಿದ್ದರೆ ಇಲ್ಲಿ ಸಾಮಾನ್ಯವಾಗಿ ಮುಂದಕ್ಕೇ ನೋಡುತ್ತದೆ. ಕೆಲವೊಮ್ಮೆ ಊರಿದ ಕಾಲನ್ನು ಬಾಗಿಸಿಕೊಂಡೇ ತಿರುಗಬೇಕಾಗುತ್ತದೆ. ಅಮೆರಿಕದ ಜ್ಯಾಕ್ ಕೋಲ್ ನಮ್ಮ ಭರತನಾಟ್ಯವನ್ನು ಅಭ್ಯಸಿಸಿ, ಅದರ ಅಂಗಚಲನೆಯನ್ನು ಸ್ವಿಂಗ್ ಸಂಗೀತಕ್ಕೆ ಹೊಂದಿಸಿದವನು. ಮಂಡಿಯ ಆಳವಾದ ಬಾಗು ಅವನ ಶೈಲಿಯ ಗುರುತು. ಅಂತಹ ನೃತ್ಯದಲ್ಲಿ ಬ್ಯಾಲೆಯ ಊರ್ಧ್ವಮುಖವಾದ ಭ್ರಮರಿಯನ್ನು ಹಾಗೆಯೇ ತಂದು ಕೂಡಿಸಿದರೆ ಅದು ತಾಂತ್ರಿಕವಾಗಿ ಶುದ್ಧವಾಗಿದ್ದರೂ ಅನುಚಿತವೇ.

ಈ ಕ್ಷೇತ್ರದಲ್ಲಿ ಸ್ಮರಣೀಯನಾದ ಗುರು ಲುಯಿಜಿ. 1946ರ ಕಾರು ಅಪಘಾತದಲ್ಲಿ ಅವನ ದೇಹದ ಒಂದು ಪಾರ್ಶ್ವ ಸ್ವಾಧೀನ ತಪ್ಪಿತು. ಕಣ್ಣಿಗೆ ಒಂದು ವಸ್ತು ಎರಡಾಗಿ ಕಾಣತೊಡಗಿತು. ತನ್ನ ದೇಹವನ್ನು ತಾನೇ ಮರಳಿ ಕಟ್ಟಿಕೊಳ್ಳಲು ಹೂಡಿದ ವ್ಯಾಯಾಮಗಳೇ ಮುಂದೆ ಅವನ ಬೋಧನಕ್ರಮವಾದವು. ಎದುರಿಗೆ ಇಲ್ಲದ ಕಂಬಿಯೊಂದನ್ನು ಇದೆಯೆಂದು ಭಾವಿಸಿ ಕೈಗಳಿಂದ ಕೆಳಕ್ಕೆ ಒತ್ತಿ, ದೇಹವನ್ನು ಒಳಗಿನಿಂದ ಮೇಲೆತ್ತುವುದು ಅದರ ಸಾರ. ಹೊರಗಿನ ಬಿಂದುವನ್ನು ನೆಚ್ಚಲಾಗದವನು ಒಳಗಿನ ಸಮತೋಲವನ್ನು ಹುಡುಕಿಕೊಂಡನು.

ಬಿರುಸಾಗಿ ನಾಲ್ಕು ಸುತ್ತು ತಿರುಗಿ ತತ್ತರಿಸಿ ಇಳಿಯುವವಳಿಗಿಂತ ಎರಡು ಸುತ್ತು ತಿರುಗಿ, ಸಂಗೀತದ ಕೊನೆಯ ಸ್ವರದೊಡನೆ ನಿಶ್ಚಲಳಾಗಿ ನಿಲ್ಲುವವಳು ಮೇಲು. ನಿಂತ ಕ್ಷಣದಲ್ಲಿಯೇ ಪಾತ್ರದ ಮುಖ ನಮಗೆ ಮತ್ತೆ ಕಾಣುತ್ತದೆ. ಆದರೆ ಗುರುವು ನಿಲುಗಡೆಯನ್ನು ಕಲಿಸಿದರೂ ಸಭೆಯು ಎಣಿಕೆಗೇ ಚಪ್ಪಾಳೆ ತಟ್ಟುತ್ತಿದ್ದರೆ ಶಿಷ್ಯರು ಸಭೆಯ ಮಾತನ್ನೇ ಕೇಳುತ್ತಾರೆ. ಹೀಗಾಗಿ ಭ್ರಮರಿಯ ಸುಧಾರಣೆಯಲ್ಲಿ ಸಹೃದಯರಿಗೂ ಒಂದು ಪಾಲಿದೆ: ಚಪ್ಪಾಳೆಯನ್ನು ಆ ನಿಲುಗಡೆಯವರೆಗೆ ತಡೆದಿಡುವುದು.