ಬ್ಯಾಕ್ಟೀರಿಯಗಳ ಮೂಲಕಿಣ್ವಗಳು: ಎರಡು ಗಣಕವಿಧಾನಗಳ ವಿಮರ್ಶೆ

ಬ್ಯಾಕ್ಟೀರಿಯದ ಚಯಾಪಚಯಕ್ಕೆ ಮೂಲಭೂತವಾದ ಕಿಣ್ವಗಳು ಯಾವುವೆಂಬುದನ್ನು ಗಣಕದ ನೆರವಿನಿಂದ ಊಹಿಸುವ ವಿಧಾನಗಳಲ್ಲಿ ಎರಡು ಮುಖ್ಯವಾದುವು. ಅವುಗಳ ಫಲಿತಾಂಶಗಳನ್ನು ಹೋಲಿಸುವ ಮುನ್ನ, ಅವೆರಡೂ ಒಂದೇ ಪ್ರಶ್ನೆಗೆ ಉತ್ತರ ಹೇಳುತ್ತಿವೆಯೇ ಎಂಬುದನ್ನು ನಾವು ವಿಚಾರಿಸಬೇಕಾಗಿದೆ.

ಮೊದಲನೆಯದು ತೌಲನಿಕ ವಿಧಾನ. ೧೯೯೫ರಲ್ಲಿ ಹೀಮೋಫಿಲಸ್ ಇನ್‌ಫ್ಲುಯೆನ್ಸೆ, ಮೈಕೊಪ್ಲಾಸ್ಮ ಜೆನಿಟೇಲಿಯಂ ಎಂಬೆರಡು ಬ್ಯಾಕ್ಟೀರಿಯಗಳ ಜೀನುಸಮುಚ್ಚಯಗಳು ಪೂರ್ಣವಾಗಿ ಪ್ರಕಟವಾದುವು. ಮರುವರ್ಷವೇ ಮುಶೆಗಿಯನ್ ಮತ್ತು ಕೂನಿನ್ ಅವರು ಇವನ್ನು ಹೋಲಿಸಿ, ಉಭಯಸಾಮಾನ್ಯವಾದ ೨೪೦ ಜೀನುಗಳನ್ನು ಗುರುತಿಸಿದರು. ಆದರೆ ಈ ಪಟ್ಟಿಯಲ್ಲಿ ಗ್ಲೂಕೋಸ್ ವಿಘಟನೆಯ ಸರಪಣಿಯದೇ ಒಂದು ಕೊಂಡಿ ಇರಲಿಲ್ಲ. ಫಾಸ್ಫೋಗ್ಲಿಸರೇಟ್ ಮ್ಯೂಟೇಸ್ ಎಂಬ ಕಿಣ್ವದ ಕಾರ್ಯವನ್ನು ಈ ಎರಡು ಜೀವಿಗಳಲ್ಲಿ ಪರಸ್ಪರ ಸಂಬಂಧವಿಲ್ಲದ ಎರಡು ಪ್ರೋಟೀನುಗಳು ನೆರವೇರಿಸುತ್ತವೆ. ರಚನೆಯ ಸಾದೃಶ್ಯವನ್ನು ಮಾತ್ರ ಅರಸುವ ಗಣನೆಗೆ ಇದು ಗೋಚರಿಸದು. ಜೀವರಸಾಯನಶಾಸ್ತ್ರದ ಬಲದಿಂದಲೇ ಅವರು ಇಂತಹ ೨೨ ಜೀನುಗಳನ್ನು ಸೇರಿಸಿ, ೬ನ್ನು ಕೈಬಿಟ್ಟು, ೨೫೬ ಜೀನುಗಳ ಕನಿಷ್ಠ ಸಮುಚ್ಚಯವನ್ನು ಸೂಚಿಸಿದರು.

ಎರಡನೆಯದು ಪ್ರವಾಹ ಸಮತೋಲನ ವಿಧಾನ. ಜೀವಕೋಶದ ಕ್ರಿಯೆಗಳನ್ನು ಸಮೀಕರಣಗಳಾಗಿ ಬರೆದು, ಒಂದು ಜೀನನ್ನು ತೆಗೆದರೆ ಬೆಳವಣಿಗೆ ಸಾಧ್ಯವೇ ಎಂದು ಇಲ್ಲಿ ಗಣಿಸಲಾಗುತ್ತದೆ. ೨೦೦೦ದಲ್ಲಿ ಎಡ್ವರ್ಡ್ಸ್ ಮತ್ತು ಪಾಲ್ಸನ್ ಅವರು ಎಶ್ಚರೀಶಿಯ ಕೋಲೈಯನ್ನು ಕುರಿತು ಹೀಗೆ ಗಣಿಸಿದಾಗ, ೭೯ ಸಂದರ್ಭಗಳಲ್ಲಿ ೬೮ ಪ್ರಯೋಗದೊಡನೆ ಹೊಂದಿದುವು. ಬದಲಿ ಮಾರ್ಗಗಳನ್ನೂ ಆಹಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಈ ವಿಧಾನದ ಹಿರಿಮೆ. ಕೋಲೈಯಲ್ಲಿ ಪೈರುವೇಟ್ ಕೈನೇಸ್ ಕಿಣ್ವಕ್ಕೆ ಎರಡು ಜೀನುಗಳುಂಟು. ಒಂದನ್ನು ತೆಗೆದರೂ ಜೀವಿ ಬದುಕುತ್ತದೆ. ಆದಕಾರಣ ಕಿಣ್ವವು ಮೂಲಭೂತವಾದರೂ ಅದರ ಜೀನು ಅನಿವಾರ್ಯವಾಗದಿರಬಹುದು. ಆದರೆ ಇಲ್ಲಿಯೂ ನ್ಯೂನತೆಯುಂಟು. ಜೀನುಗಳ ನಿಯಂತ್ರಣವು ಈ ಸಮೀಕರಣಗಳಲ್ಲಿ ಸ್ವತಃ ಬಾರದು. ಕಾಗದದ ಮೇಲೆ ತೆರೆದಿರುವ ದಾರಿ ಕೋಶದಲ್ಲಿ ಮುಚ್ಚಿರಬಹುದು.

ಇನ್ನು ನಿಖರತೆಯ ಮಾತು. ೨೦೦೬ರಲ್ಲಿ ಪ್ರಕಟವಾದ ಜಪಾನಿನ ಕೆಯೊ ಸಂಗ್ರಹಕ್ಕಾಗಿ ಕೋಲೈಯ ೪೨೮೮ ಜೀನುಗಳನ್ನು ಒಂದೊಂದಾಗಿ ತೆಗೆಯಲು ಯತ್ನಿಸಲಾಯಿತು. ಪುಷ್ಟಿಕರ ಮಾಧ್ಯಮದಲ್ಲಿ ೩೯೮೫ನ್ನು ತೆಗೆಯಲಾಯಿತು, ೩೦೩ನ್ನು ತೆಗೆಯಲಾಗಲಿಲ್ಲ. 'ಯಾವ ಜೀನೂ ಅನಿವಾರ್ಯವಲ್ಲ' ಎಂದು ಕಣ್ಣುಮುಚ್ಚಿ ನುಡಿಯುವವನ ಮಾತೂ ಇಲ್ಲಿ ನೂರಕ್ಕೆ ೯೩ರಷ್ಟು ನಿಜವಾಗುತ್ತದೆ! ಆದುದರಿಂದ ಒಟ್ಟು ಶೇಕಡವಾರು ಅಂಕಿಯೊಂದರಿಂದಲೇ ಯಾವ ವಿಧಾನವನ್ನೂ ಮೆಚ್ಚಲಾಗದು. ಅನಿವಾರ್ಯವಾದವುಗಳಲ್ಲಿ ಎಷ್ಟನ್ನು ಅದು ಹಿಡಿಯಿತು, ಅನಿವಾರ್ಯವೆಂದು ಹೇಳಿದವುಗಳಲ್ಲಿ ಎಷ್ಟು ನಿಜವಾದುವು ಎಂಬೆರಡನ್ನೂ ಬೇರೆಬೇರೆಯಾಗಿ ಕೇಳಬೇಕು.

ಒಂದು ವಿಧಾನ ಅನೇಕ ಜೀವಿಗಳಲ್ಲಿ ಉಳಿದುಬಂದುದನ್ನು ಹೇಳಿದರೆ, ಇನ್ನೊಂದು ಒಂದು ಜೀವಿಗೆ ಒಂದು ಆಹಾರದಲ್ಲಿ ಬೇಕಾದುದನ್ನು ಹೇಳುತ್ತದೆ. ಇವುಗಳ ಭಿನ್ನಾಭಿಪ್ರಾಯವೆಲ್ಲ ದೋಷವಲ್ಲ. ಔಷಧಕ್ಕೆ ಗುರಿಯಾಗಬಲ್ಲ ಕಿಣ್ವವನ್ನು ಅರಸುವವರು ಈ ಭೇದವನ್ನು ಮರೆತರೆ, ಬದಲಿ ಕಿಣ್ವವುಳ್ಳ ರೋಗಾಣುವಿನ ಮೇಲೆ ವರ್ಷಗಳ ಶ್ರಮ ವ್ಯರ್ಥವಾದೀತು. ಪಟ್ಟಿಯನ್ನು ಓದುವ ವಿದ್ಯಾರ್ಥಿಯು ಯಾವ ಜೀವಿ, ಯಾವ ಆಹಾರ, ಯಾವ ಪ್ರಮಾಣ ಎಂಬ ಮೂರನ್ನು ಮೊದಲು ಕೇಳಲೆಂದು ನಾವು ಬಯಸುತ್ತೇವೆ.