ಮಾತು ಬಂದಾಗ ಮಂಪರಾದ ನಾಯಕ: ಮಾಸ್ಟರ್ ವಿಠ್ಠಲ್ ಮತ್ತು ‘ಆಲಂ ಆರಾ’ದ ಪಟ್ಟ

ಮಾಸ್ಟರ್ ವಿಠ್ಠಲ್ ಅವರ ಶ್ರೇಷ್ಠ ಚಿತ್ರ ಯಾವುದೆಂದು ಕೇಳಿದರೆ ಸಿನಿಮಾ ಚರಿತ್ರೆಯ ಪುಸ್ತಕಗಳೂ ಅಭಿಮಾನಿಗಳೂ ಕೊಡುವ ಸಿದ್ಧ ಉತ್ತರ ‘ಆಲಂ ಆರಾ’. 1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ತೆರೆಕಂಡ ಭಾರತದ ಮೊದಲ ವಾಕ್ಚಿತ್ರ ಅದು. ಅದರ ನಾಯಕ ಎಂಬ ಪಟ್ಟ ವಿಠ್ಠಲ್ ಅವರಿಗೆ ಕಾಯಂ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಕಡೆಯ ಹಳೆಯ ಸಿನಿಮಾ ರಸಿಕರು ಇದಕ್ಕೆ ಇನ್ನೆರಡು ಹೆಮ್ಮೆಗಳನ್ನು ಸೇರಿಸುತ್ತಾರೆ. ವಿಠ್ಠಲ್ ಕೊಲ್ಹಾಪುರದ ಕಂಪನಿಯಲ್ಲಿ ತಯಾರಾದವರು ಎಂಬುದು ಒಂದು, ಅವರು ‘ಭಾರತದ ಡಗ್ಲಾಸ್ ಫೇರ್‌ಬ್ಯಾಂಕ್ಸ್’ ಎಂಬುದು ಇನ್ನೊಂದು. ಕೊಲ್ಹಾಪುರದ ಮಾತು ನಿಜ, ಫೇರ್‌ಬ್ಯಾಂಕ್ಸ್ ಮಾತು ಅರ್ಧ ನಿಜ. ‘ಆಲಂ ಆರಾ’ಕ್ಕೆ ಕೊಟ್ಟ ಮೊದಲ ಸ್ಥಾನವನ್ನಂತೂ ಹಿಂದಕ್ಕೆ ಪಡೆಯಬೇಕು.

ಕೊಲ್ಹಾಪುರದ ಆ ಕಂಪನಿ ಬಾಬುರಾವ್ ಪೇಂಟರ್ ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿ. ಕೈಯಾರೆ ಕಟ್ಟಿಕೊಂಡ ಕ್ಯಾಮೆರಾದಿಂದ ಪೇಂಟರ್ 1920ರ ‘ಸೈರಂಧ್ರಿ’ ಚಿತ್ರ ತೆಗೆದದ್ದು ಅಲ್ಲಿ; ಅಲ್ಲಿಂದ ಹೊರಬಂದ ಶಾಂತಾರಾಮ್, ದಾಮ್ಲೆ, ಫತ್ತೇಲಾಲ್ ಮೊದಲಾದವರು 1929ರಲ್ಲಿ ಪ್ರಭಾತ್ ಕಂಪನಿ ಆರಂಭಿಸಿದರು. ವಿಠ್ಠಲ್ ಬಾಲನಟರಾಗಿ ರಂಗಭೂಮಿಯಲ್ಲಿ ಬಣ್ಣ ಹಚ್ಚಿ, ಆಮೇಲೆ ಪೇಂಟರ್ ಕಂಪನಿಯ ಸಂಕಲನ ವಿಭಾಗ ಸೇರಿದರು. ತೆರೆಯ ಮೇಲೆ ಅವರು ಮೊದಲು ಕಾಣಿಸಿಕೊಂಡದ್ದು 1924ರ ‘ಕಲ್ಯಾಣ್ ಖಜಿನಾ’ದಲ್ಲಿ, ಅದೂ ನರ್ತಕಿಯಾಗಿ. ತಾಲೀಮಿನ ಅಂದರೆ ಗರಡಿಯ ಮಣ್ಣು, ದಾಂಡಪಟ್ಟದ ಕತ್ತಿ, ಮರ್ದಾನಿ ಖೇಳ ಎಂಬ ಸಮರಕಲೆಯಿಂದಲೇ ಅವರ ಕತ್ತಿವರಸೆ ಹುಟ್ಟಿತೆಂದು ಹೇಳುವ ಊರಭಿಮಾನಿಗಳು ಈ ನರ್ತಕಿಯ ವೇಷವನ್ನು ಮೆಲ್ಲಗೆ ದಾಟಿಬಿಡುತ್ತಾರೆ. ದಾಖಲೆ ತೋರಿಸುವ ಗರಡಿ ಬೇರೆಯೇ. ಅದು ನಾಟಕ ಮಂಡಳಿಯ ಕುಣಿತ ಮತ್ತು ಫಿಲ್ಮನ್ನು ಕತ್ತರಿಸಿ ಅಂಟಿಸುವ ಮೇಜು. ಜಿಗಿತದ ಯಾವ ತುಣುಕು ಉಳಿಯಬೇಕು, ಯಾವುದು ಬೀಳಬೇಕು ಎಂಬುದನ್ನು ಜಿಗಿಯುವ ಮೊದಲೇ ಕಲಿತಿದ್ದ ನಟ ಇವರು.

ಮುಂಬಯಿಯ ಶಾರದಾ ಫಿಲ್ಮ್ ಕಂಪನಿ ಈ ಪಾಠವನ್ನು ಹಣವಾಗಿಸಿತು. 1926ರ ‘ರತನ್ ಮಂಜರಿ’ಯಿಂದ ನಾಯಕರಾದ ವಿಠ್ಠಲ್ ಕೆಲವೇ ವರ್ಷಗಳಲ್ಲಿ ಸಾಹಸಚಿತ್ರಗಳ ಅತಿ ದುಬಾರಿ ನಟರಲ್ಲಿ ಒಬ್ಬರಾದರು. ಫೇರ್‌ಬ್ಯಾಂಕ್ಸ್ ಹೋಲಿಕೆ ಹುಟ್ಟಿದ್ದು ಆಗಲೇ. ಫೇರ್‌ಬ್ಯಾಂಕ್ಸ್‌ನ ‘ಥೀಫ್ ಆಫ್ ಬಾಗ್ದಾದ್’ (1924) ಭಾರತದ ಪ್ರೇಕ್ಷಕರನ್ನು ಹುಚ್ಚು ಹಿಡಿಸಿದ್ದ ಕಾಲ ಅದು. ಜಿಗಿತ, ಕತ್ತಿ, ನಗುಮುಖದ ಮಟ್ಟಿಗೆ ಹೋಲಿಕೆ ಸರಿ. ಆದರೆ ಫೇರ್‌ಬ್ಯಾಂಕ್ಸ್ ತನ್ನ ಚಿತ್ರಗಳಿಗೆ ತಾನೇ ನಿರ್ಮಾಪಕ, 1919ರಲ್ಲಿ ಯುನೈಟೆಡ್ ಆರ್ಟಿಸ್ಟ್ಸ್ ಕಟ್ಟಿದ ನಾಲ್ವರಲ್ಲಿ ಒಬ್ಬ. ತನ್ನ ಜಿಗಿತಕ್ಕೆ ಎಷ್ಟು ಎತ್ತರದ ಗೋಡೆ ಬೇಕೆಂದು ಅವನೇ ಹೇಳಿ ಕಟ್ಟಿಸಿಕೊಳ್ಳಬಲ್ಲವನು. ವಿಠ್ಠಲ್ ಸಂಬಳದ ಆಳು. ಅವರು ಶಾರದಾ ಬಿಟ್ಟು ‘ಆಲಂ ಆರಾ’ಕ್ಕೆ ಹೋದಾಗ ಕಂಪನಿ ಕರಾರಿನ ಕಾಗದ ಹಿಡಿದು ಕೋರ್ಟಿಗೆ ಎಳೆಯಿತು, ವಕೀಲ ಮಹಮ್ಮದಲಿ ಜಿನ್ನಾ ವಾದಿಸಿ ಬಿಡಿಸಿದರು. ಅಭಿಮಾನಿಗಳಿಗೆ ಈ ಪ್ರಸಂಗ ಬಲು ಇಷ್ಟ. 1931ರಲ್ಲಿ ವಿಠ್ಠಲ್ ಹೆಸರಿಗಿದ್ದ ಬೆಲೆಗೆ ಇದು ಸಾಕ್ಷಿಯೇ ಹೊರತು ಚಿತ್ರದಲ್ಲಿ ಅವರ ಅಭಿನಯ ಹೇಗಿತ್ತು ಎಂಬುದಕ್ಕಲ್ಲ.

ಆ ಅಭಿನಯದ ಬಗ್ಗೆ ಚರಿತ್ರಕಾರರು ಒಪ್ಪಿ ಹೇಳುವ ಸಂಗತಿ ವಿಚಿತ್ರವಾಗಿದೆ. ವಿಠ್ಠಲ್ ಅವರ ಉರ್ದು-ಹಿಂದಿ ಉಚ್ಚಾರ ಸಾಲದೆಂದು ನಾಯಕನ ಮಾತನ್ನು ಕಡಿಮೆ ಮಾಡಿ, ಅವನನ್ನು ಚಿತ್ರದ ಬಹುಭಾಗ ಅರೆಪ್ರಜ್ಞೆಯ ಮಂಪರಿನಲ್ಲಿ ಇಡಲಾಯಿತು. ಮೂಲ ಕೃತಿ ಜೋಸೆಫ್ ಡೇವಿಡ್ ಅವರ ಪಾರ್ಸಿ ನಾಟಕ, ಅಂದರೆ ಸಂಭಾಷಣೆಯಿಂದಲೇ ಉಸಿರಾಡುವ ಜಾತಿಯದು. ಸಾಲದ್ದಕ್ಕೆ ಏಳು ಹಾಡುಗಳು. ಇಂಥ ಚಿತ್ರದಲ್ಲಿ ಮಾತಾಡದ, ಪೂರ್ತಿ ಎಚ್ಚರವೂ ಇಲ್ಲದ ನಾಯಕ! ನಿರ್ದೇಶಕ ಅರ್ದೇಶಿರ್ ಇರಾನಿ ಅವರಿಗೆ ಬೇಕಾಗಿದ್ದದ್ದು ಪೋಸ್ಟರಿನ ಮೇಲಿನ ಹೆಸರು. ಅದು ಸಿಕ್ಕಿತು, ನಟ ಮಲಗಿದ.

ಮಾತು ಕಿತ್ತುಕೊಂಡ ಮೇಲೂ ಮೈ ಉಳಿದಿತ್ತಲ್ಲ, ಅದನ್ನೇಕೆ ಬಳಸಿಕೊಳ್ಳಲಿಲ್ಲ? ಉತ್ತರ ಯಂತ್ರದಲ್ಲಿದೆ. ಚಿತ್ರವನ್ನು ತೆಗೆದ ಟ್ಯಾನಾರ್ ಯಂತ್ರ ಬಿಂಬವನ್ನೂ ಧ್ವನಿಯನ್ನೂ ಒಂದೇ ಪಟ್ಟಿಯ ಮೇಲೆ, ಒಂದೇ ಹೊತ್ತಿಗೆ ದಾಖಲಿಸುತ್ತಿತ್ತು. ಆಮೇಲೆ ಧ್ವನಿ ಕೂಡಿಸುವ ಸೌಲಭ್ಯವಿಲ್ಲ. ಸ್ಟುಡಿಯೊ ಪಕ್ಕದಲ್ಲೇ ರೈಲು ಹಳಿ ಇದ್ದದ್ದರಿಂದ ಗಾಡಿಗಳ ಓಡಾಟ ನಿಂತ ನಡುರಾತ್ರಿಯ ಮೇಲೆ ಶೂಟಿಂಗ್ ಹೆಚ್ಚು. ಮೈಕನ್ನು ಕ್ಯಾಮೆರಾಗೆ ಕಾಣದ ಹಾಗೆ ನಟರ ಹತ್ತಿರದಲ್ಲೇ ಅಡಗಿಸಬೇಕು. ನಟ ಅದರಿಂದ ದೂರ ಸರಿದರೆ ದನಿ ಹೋಯಿತು. ಒಂದೇ ಪಟ್ಟಿಯಲ್ಲಿ ಧ್ವನಿ ತನ್ನ ಬಿಂಬಕ್ಕಿಂತ ಕೆಲವು ಫ್ರೇಮು ಆಚೆ ಬೀಳುವುದರಿಂದ ಬೇಕಾದಲ್ಲಿ ಕತ್ತರಿ ಹಾಕುವಂತೆಯೂ ಇಲ್ಲ. ಬಿಂಬ ಕತ್ತರಿಸಿದರೆ ಇನ್ನೊಂದು ಕ್ಷಣದ ಮಾತು ತುಂಡಾಗುತ್ತದೆ.

ಮೂಕಿಚಿತ್ರದ ಕಾಳಗಕ್ಕೆ ಇದ್ದ ಉಪಾಯಗಳು ಇದಕ್ಕೆ ತೀರ ವಿರುದ್ಧ. ಕ್ಯಾಮೆರಾದ ಹಿಡಿಯನ್ನು ಕೈಯಿಂದ ತಿರುಗಿಸುವ ಕಾಲದಲ್ಲಿ ಛಾಯಾಗ್ರಾಹಕ ಕಾದಾಟ ಬಂದಾಗ ಬೇಕೆಂದೇ ನಿಧಾನ ತಿರುಗಿಸುತ್ತಿದ್ದ. ತೆರೆಯ ಮೇಲೆ ಕತ್ತಿ ಮಿಂಚಿನಂತೆ ಓಡುತ್ತಿತ್ತು. ಜಿಗಿತದ ಆರಂಭ ಒಂದು ಶಾಟ್, ಇಳಿದದ್ದು ಇನ್ನೊಂದು ಶಾಟ್. ನಡುವಿನ ಎತ್ತರವನ್ನು ಸಂಕಲನಕಾರ ಕಟ್ಟಿಕೊಡುತ್ತಿದ್ದ. ಧ್ವನಿ ಬಂದ ಮೇಲೆ ಸೆಕೆಂಡಿಗೆ 24 ಫ್ರೇಮ್ ಎಂಬ ವೇಗ ಕಾಯಂ ಆಯಿತು. ವೇಗವೂ ಹೋಯಿತು, ಕತ್ತರಿಯೂ ಹೋಯಿತು, ಓಡಾಡುವ ಜಾಗವೂ ಹೋಯಿತು. ಸಂಕಲನದ ಮೇಜಿನಿಂದ ಎದ್ದು ಬಂದ ನಟನ ಕಲೆಗೆ ಬೇಕಾದದ್ದೆಲ್ಲ ಒಂದೇ ಏಟಿಗೆ ಹೋದ ಚಿತ್ರವನ್ನು ಅವರ ಶ್ರೇಷ್ಠ ಚಿತ್ರವೆನ್ನುವುದು ಈಜುಗಾರನ ಸಾಮರ್ಥ್ಯವನ್ನು ಬತ್ತಿದ ಹೊಳೆಯಲ್ಲಿ ಅಳೆದಂತೆ.

ಇಲ್ಲಿಯೇ ವಿಮರ್ಶಕರ ಇನ್ನೊಂದು ಗುಂಪಿನೊಡನೆ ತಕರಾರು ಏಳುತ್ತದೆ. ವಿಠ್ಠಲ್ ಇಳಿದದ್ದು ಉರ್ದು ಬಾರದೆ, ಅಷ್ಟೇ ಎಂದು ಇವರು ಕಡತ ಮುಚ್ಚುತ್ತಾರೆ. ಉರ್ದು ಬಾರದ್ದು ಸುಳ್ಳಲ್ಲ. ಆದರೆ 1935ರ ‘ಹಂಟರ್‌ವಾಲಿ’ಯಲ್ಲಿ ಚಾವಟಿ ಹಿಡಿದ ಸಾಹಸನಟಿ ನಾಡಿಯಾ ಆಸ್ಟ್ರೇಲಿಯಾದಲ್ಲಿ ಹುಟ್ಟಿದವರು, ಅವರ ಹಿಂದಿ ಎಂಥದೆಂದು ಕೇಳಿದವರಿಗೆಲ್ಲ ಗೊತ್ತು. ಪ್ರೇಕ್ಷಕರು ತಲೆಕೆಡಿಸಿಕೊಳ್ಳಲಿಲ್ಲ, ಏಕೆಂದರೆ ಆ ಚಿತ್ರ ತಯಾರಿಸಿದ ವಾಡಿಯಾ ಸಹೋದರರು ಆಕೆಯ ಮೈಗೆ ತಕ್ಕಂತೆ ಚಿತ್ರ ಹೊಲಿದರು. ಇತ್ತ ಸ್ವತಃ ಫೇರ್‌ಬ್ಯಾಂಕ್ಸ್‌ಗೆ ಇಂಗ್ಲಿಷ್ ತಾಯ್ನುಡಿ, ರಂಗಭೂಮಿಯ ಕಂಠ. ಆದರೂ 1929ರ ‘ಟೇಮಿಂಗ್ ಆಫ್ ದ ಶ್ರೂ’ ಟಾಕಿಯ ನಂತರ ಅವನು ಇಳಿಯುತ್ತಲೇ ಹೋದ. 1934ರ ಡಾನ್ ಜುವಾನ್ ಚಿತ್ರವೇ ಕೊನೆಯದು. ಅವನಿಗೆ ವಯಸ್ಸಾಗಿತ್ತು ಎಂಬ ಆಕ್ಷೇಪವನ್ನು ಒಪ್ಪೋಣ. ಆದರೂ ಭಾಷೆಯೊಂದೇ ಕಾರಣವೆಂಬ ವಾದಕ್ಕೆ ಈ ಎರಡು ಉದಾಹರಣೆಗಳು ಉತ್ತರ ಬಿಡುವುದಿಲ್ಲ. ಹೋಗಲಿ, ಮರಾಠಿಯಲ್ಲಿ ವಿಠ್ಠಲ್ ಅವರಿಗೆ ಭಾಷೆಯ ತೊಡಕೇ ಇರಲಿಲ್ಲ. ಅಲ್ಲಿಯೂ ಹಳೆಯ ಪಟ್ಟ ಮರಳಲಿಲ್ಲ.

ಕನ್ನಡ ಓದುಗರಿಗೆ ಇದೇ ಕೊಲ್ಹಾಪುರದಲ್ಲಿ ಒಂದು ತೂಕದ ಬಟ್ಟು ಸಿಗುತ್ತದೆ. ಕನ್ನಡದ ಮೊದಲ ತೆರೆಕಂಡ ವಾಕ್ಚಿತ್ರ ‘ಸತಿ ಸುಲೋಚನಾ’ (1934) ಚಿತ್ರೀಕರಣವಾದದ್ದು ಇಲ್ಲಿನ ಛತ್ರಪತಿ ಸ್ಟುಡಿಯೊದಲ್ಲಿ, ವೈ.ವಿ. ರಾವ್ ನಿರ್ದೇಶನದಲ್ಲಿ. ಇಂದ್ರಜಿತುವಾದ ಸುಬ್ಬಯ್ಯ ನಾಯ್ಡು, ರಾವಣನಾದ ಆರ್. ನಾಗೇಂದ್ರರಾಯರು ವೃತ್ತಿರಂಗಭೂಮಿಯ ಪಳಗಿದ ಕಂಠಗಳು. ಮೈಕಿನ ಮುಂದೆ ನಿಂತು ಕಂದಪದ್ಯವನ್ನೋ ಮಾತನ್ನೋ ಒಪ್ಪಿಸಬಲ್ಲವರನ್ನು ಆರಿಸಿದ ಆ ಚಿತ್ರ ಯಂತ್ರದ ಜೊತೆ ಜಗಳಕ್ಕೆ ಇಳಿಯಲಿಲ್ಲ. ‘ಆಲಂ ಆರಾ’ದಂತೆ ‘ಸತಿ ಸುಲೋಚನಾ’ದ ಪ್ರತಿಯೂ ಈಗಿಲ್ಲ. ಮೊದಲ ನಾಯಕ ಎಂಬ ಬಿರುದು ಸುಬ್ಬಯ್ಯ ನಾಯ್ಡು ಅವರಿಗೆ ಅವರ ಕಸುಬಿನಿಂದ ಬಂತು; ವಿಠ್ಠಲ್ ಅವರಿಗೆ ಅವರ ಕಸುಬನ್ನು ಬದಿಗಿಟ್ಟು ಬಂತು.

ಹಾಗಾದರೆ ಶ್ರೇಷ್ಠ ಯಾವುದು? ಭಾರತದಲ್ಲಿ ತಯಾರಾದ 1,300ಕ್ಕೂ ಹೆಚ್ಚು ಮೂಕಿಚಿತ್ರಗಳಲ್ಲಿ ಉಳಿದವು ತೀರ ಕಡಿಮೆ. ಆದ್ದರಿಂದ ಶಾರದಾದ ಚಿತ್ರಗಳನ್ನು ಒಂದೊಂದಾಗಿ ಹೆಸರಿಸಿ ಒಂದು, ಎರಡು ಎಂದು ಅಂಕ ಕೊಡುವವರದು ಬರೀ ಹಟ. ಆ ಜಾತಿಯ ಚಿತ್ರ ಹೇಗಿತ್ತೆಂದು ನೋಡಲು ಉಳಿದಿರುವುದು ಜಿ.ಪಿ. ಪವಾರ್ ಅವರ ‘ದಿಲೇರ್ ಜಿಗರ್’ (1931). ಅದರಲ್ಲಿ ವಿಠ್ಠಲ್ ಇಲ್ಲ. ದೊಂಬರಾಟದ ನಾಯಕ, ಮುಖವಾಡ ತೊಟ್ಟು ಕತ್ತಿ ಹಿರಿಯುವ ಲಲಿತಾ ಪವಾರ್ ಇದ್ದಾರೆ. ಕಥೆ ಮಾಮೂಲಿ, ಅರಮನೆಯ ಪಿತೂರಿ. ಓಟ ಮಾತ್ರ ಇಂದಿಗೂ ಬಿಗಿ. ವಿಠ್ಠಲ್ ರಾಜನಾಗಿ ಮೆರೆದದ್ದು ಈ ಸೀಮೆಯಲ್ಲಿ. ಹಾಗಾಗಿ 1926ರಿಂದ 1930ರವರೆಗಿನ ಶಾರದಾ ಚಿತ್ರಗಳನ್ನು ಒಟ್ಟಾಗಿ ಮೊದಲಿಡುವುದೇ ನ್ಯಾಯ. ಮರಾಠಿಯಲ್ಲಿ ಭಾಲ್ಜಿ ಪೆಂಢಾರಕರ್ ಅವರ ‘ನೇತಾಜಿ ಪಾಲಕರ್’ನಂಥ (1939) ಐತಿಹಾಸಿಕ ಚಿತ್ರಗಳು ಅವುಗಳ ನಂತರ ಬರುತ್ತವೆ. ಅಲ್ಲಿ ಕುದುರೆ, ಕತ್ತಿ, ಬಯಲು ಮತ್ತೆ ದೊರೆತವು, ಮಾತೂ ತಾಯ್ನುಡಿಯದೇ. 1969ರಲ್ಲಿ ತೀರಿಕೊಂಡ ವಿಠ್ಠಲ್ 60ರ ದಶಕದವರೆಗೂ ಸಣ್ಣಪುಟ್ಟ ಪಾತ್ರಗಳಲ್ಲಿ ಕಾಣಿಸಿಕೊಳ್ಳುತ್ತಲೇ ಇದ್ದರು. ಪಟ್ಟಿಯಲ್ಲಿ ‘ಆಲಂ ಆರಾ’ದ ಜಾಗ ಆ ಸಣ್ಣ ಪಾತ್ರಗಳ ಸಾಲಿನಲ್ಲಿ.